ಶಾಲೆ ಬಯಲಿನ ಎರಡು ಸಾಲು

ಪಾರ್ಲಿಮೆಂಟಿನ ಚುನಾವಣೆ ಮುಗಿದ ಮರುವಾರ ಬುಸೋಗ ಸೀಮೆಯ ನಮ್ಮ ನಕಬಾಲೆ ಊರಿಗೆ ನಂಬರಿಲ್ಲದ ಒಂದು ವ್ಯಾನು ಬಂತು. ಹಾಡುಹಗಲಲ್ಲೇ ಬಂದು, ಮೂವರು ಹುಡುಗರನ್ನು ಅವರವರು ಕೆಲಸ ಮಾಡುತ್ತಿದ್ದ ಜಾಗದಿಂದಲೇ ಎತ್ತಿ ಹಾಕಿಕೊಂಡು ಹೋಯಿತು. ಮೂವರೂ ಗಂಟೆ ಗುರುತಿನ ಪಕ್ಷಕ್ಕೆ ಓಡಾಡಿದವರು. ಅವರಲ್ಲೊಬ್ಬ ಬಡಗಿ ಕಿಸಂಬಿರ, ಊರ ಚೇರ್ಮನ್ ವಾಂಬುಜಿಯ ಮಗಳು ಕಾವುಧಳನ್ನು ಮದುವೆಯಾಗಬೇಕಿದ್ದವನು. ವ್ಯಾನಿನವರು ಬಂದಾಗ ಅವನು ಯಾರದೋ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದನಂತೆ.

ಸುದ್ದಿ ಮುಟ್ಟಿದಾಗ ಕಾವುಧ ತನ್ನ ತಗಡಿನ ಸಲೂನಿನಲ್ಲಿ ಒಬ್ಬ ಹೆಂಗಸಿಗೆ ಜಡೆ ಹೆಣೆಯುತ್ತಿದ್ದಳು. ಅರ್ಧ ತಲೆ ಹಾಗೇ ಬಿಟ್ಟು ಮನೆಗೆ ಓಡಿದಳು. ಅಪ್ಪ ಅಂಗಳದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಏನಾದರೂ ಮಾಡಿ ಅಂತ ಮಗಳು ಮಂಡಿಯೂರಿ ಕೈ ಹಿಡಿದುಕೊಂಡಳು. ವಾಂಬುಜಿ ಕೋಟು ಹಾಕಿ, ಮಗ ಮುಗೋಯ ಬಾಡಿಗೆಗೆ ಓಡಿಸುವ ಬೊಡಾ ಬೈಕಿನ ಹಿಂದೆ ಕೂತು ಪೇಟೆಯ ಠಾಣೆಗೆ ಹೋಗಿ ಬಂದರು. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲವಂತೆ ಅಂದರು. ಮಗಳು ನಂಬಿದಳು. ದಿನಾ ಸಂಜೆ ಅಪ್ಪನಿಗೆ ಕಾಲು ತೊಳೆಯಲು ಬಿಸಿನೀರು ಕೊಟ್ಟಳು.

ವಾಂಬುಜಿ ಎಷ್ಟೋ ವರ್ಷದಿಂದ ನಮ್ಮ ಚೇರ್ಮನ್. ಹೊಲ ಮಾರಬೇಕಾದರೂ, ಮಗುವನ್ನು ಶಾಲೆಗೆ ಸೇರಿಸಬೇಕಾದರೂ, ಠಾಣೆಯಿಂದ ಯಾರನ್ನಾದರೂ ಬಿಡಿಸಿಕೊಳ್ಳಬೇಕಾದರೂ ಅವರ ಮೊಹರು ಬೇಕು. ಮೊಹರು ಸದಾ ಅವರ ಕೋಟಿನ ಒಳಜೇಬಿನಲ್ಲೇ ಇರುತ್ತಿತ್ತು. ಅವರು ಲಾಟೀನು ಪಕ್ಷದವರು, ಅಂದರೆ ಸರ್ಕಾರದ ಪಕ್ಷದವರು. ಮಕ್ಕಳಿಬ್ಬರೂ ಗಂಟೆ. ಆ ಮನೆಯಲ್ಲಿ ಈ ಜಗಳ ಹೊಸದೇನಲ್ಲ. ಮುಗೋಯ ಕರೆಂಟಿನ ಕೆಲಸದ ಡಿಪ್ಲೊಮಾ ಮಾಡಿ, ಕೆಲಸ ಸಿಗದೆ ಬೊಡಾ ಓಡಿಸುತ್ತಿದ್ದ. ನಿಮ್ಮ ಲಾಟೀನು ಯಾರ ಮನೆ ಬೆಳಗಿದೆ ಅಂತ ಅವನು ಕೇಳುವುದು, ನೀನು ಬೆಚ್ಚಗೆ ಮಲಗಿ ಬೆಳೆದವನು ಅಂತ ಅವರು ಹೇಳುವುದು, ಹೀಗೆ ಗೆಣಸು ಆರಿಹೋಗುವ ತನಕ ನಡೆಯುತ್ತಿತ್ತು. ವಾಂಬುಜಿ ಹುಡುಗನಾಗಿದ್ದಾಗ ಹಿಂದಿನ ಸರ್ಕಾರದ ಸೈನಿಕರು ಅವರ ಅಪ್ಪನನ್ನು ಎಳೆದುಕೊಂಡು ಹೋಗಿದ್ದರು. ಒಂದು ಮಳೆಗಾಲವಿಡೀ ಅವರು ತಾಯಿಯ ಜೊತೆ ಕಬ್ಬಿನ ಗದ್ದೆಯಲ್ಲಿ ಮಲಗಿದ್ದರು. ಲಾಟೀನಿನವರು ಬಂದ ಮೇಲೆ ಮನೆಯೊಳಗೆ ಮಲಗಿದೆವು, ನನಗೆ ಅಷ್ಟು ಸಾಕು ಅನ್ನುತ್ತಿದ್ದರು. ವಾಂಬುಜಿಯ ಹೆಂಡತಿ ನಯಿಗಗ ಕೊನೆಗೊಂದು ಕಟ್ಟಳೆ ಮಾಡಿದ್ದಳು. ಊಟದ ಚಾಪೆಯ ಮೇಲೆ ಲಾಟೀನೂ ಇಲ್ಲ, ಗಂಟೆಯೂ ಇಲ್ಲ. ಆ ಮಾತೆತ್ತಿದವರ ತಟ್ಟೆಗೆ ಸಾರು ಇಲ್ಲ.

ಕಿಸಂಬಿರ ವಾಪಸು ಬಂದಾಗ ಕಡಲೆಕಾಯಿ ಕೀಳುವ ಕಾಲ. ಮಿಕ್ಕಿಬ್ಬರು ಮೊದಲೇ ಬಂದಿದ್ದರು, ಕುಂಟುತ್ತಾ. ಇವನು ನಡೆದೇ ಬಂದ. ಆದರೆ ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಎಡಗಿವಿ ಕೇಳುತ್ತಿರಲಿಲ್ಲ. ಅವನ ತಾಯಿ ನಮುಕೋಸೆ ಸಂತೆಯಲ್ಲಿ ಮುಕೆನೆ ಅನ್ನುವ ಬೆಳ್ಳಿ ಬಣ್ಣದ ಪುಟ್ಟ ಒಣಮೀನು ಮಾರುವ ವಿಧವೆ. ಮಗನನ್ನು ಕಂಡು ಅವಳು ಅಳಲಿಲ್ಲ. ಅವನ ಹತ್ಯಾರಗಳನ್ನೆಲ್ಲ ಒಂದು ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದಳು.

ಕಾವುಧ ಹಾಲು ತೆಗೆದುಕೊಂಡು ನೋಡಲು ಹೋದಳು. ಅವನು ಬಾಗಿಲಲ್ಲೇ ನಿಲ್ಲಿಸಿದ.

"ನಿಮ್ಮಪ್ಪ ನನ್ನ ಹೆಸರು ಹೇಳಿದ್ರು," ಅಂದ. "ಅಲ್ಲಿದ್ದೋರೇ ನನಗೆ ಹೇಳಿದ್ದು. ನಿನ್ನ ಮಾವನೇ ಕೊಟ್ಟಿದ್ದು ಕಣೋ ಅಂತ ನಗ್ತಾ ಹೇಳಿದ್ರು."

"ಸುಳ್ಳು ಹೇಳಿರ್ತಾರೆ."

"ಹಾಗಾದ್ರೆ ಹೋಗಿ ಕೇಳು. ಕೇಳಿ ಇಲ್ಲಿಗೆ ಬರಬೇಡ."

ಅವತ್ತು ಕಾವುಧಳೇ ಅಡುಗೆ ಮಾಡಿದ್ದಳು. ಬೇಯಿಸಿದ ಬಾಳೆಕಾಯಿ, ಕಡಲೆಕಾಯಿಯ ಸಾರು. ಎಲ್ಲರಿಗೂ ಬಡಿಸಿ ತಾನೂ ಕುಳಿತ ಮೇಲೆ, ಕಿಸಂಬಿರನ ಹೆಸರು ಕೊಟ್ಟಿದ್ದು ನೀವಾ ಅಂತ ಕೇಳಿದಳು. ನಯಿಗಗ ಚಾಪೆಯ ಕಟ್ಟಳೆ ನೆನಪಿಸಿದಳು. ಮಗಳು ಅಮ್ಮನ ಕಡೆ ತಿರುಗಲಿಲ್ಲ.

ವಾಂಬುಜಿ ಬಾಯಲ್ಲಿದ್ದುದನ್ನು ನುಂಗಿ, ನೀರು ಕುಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ನಾಲ್ಕು ಹೆಸರು ಕೇಳಿದ್ರು. ಮೂರು ಕೊಟ್ಟೆ," ಅಂದರು. "ನಾಲ್ಕನೇದು ಇಲ್ಲಿ ಕೂತು ಉಣ್ತಾ ಇದೆ."

ಮುಗೋಯ ತಟ್ಟೆಯಿಂದ ಕೈ ತೆಗೆದ.

"ನಿನ್ನ ಹೆಸರು ಅವರಿಗೆ ಮೊದಲೇ ಗೊತ್ತಿತ್ತು ಕಣೋ. ಬೈಕಿಗೆ ಬಾವುಟ ಕಟ್ಟಿ ತಿರುಗಿದ್ದೆಯಲ್ಲ. ಬೇರೆ ಮೂರು ಜನಾನ ತೋರಿಸಿ ನಿನ್ನ ಬಿಡಿಸಿಕೊಂಡೆ. ಮೂರಕ್ಕಿಂತ ಕಮ್ಮಿ ಅವರು ಒಪ್ತಿರಲಿಲ್ಲ."

"ಅವನು ನನ್ನ ಗಂಡ ಆಗೋನು," ಅಂದಳು ಕಾವುಧ.

"ಆಗಿರಲಿಲ್ಲ. ಇವನು ನನ್ನ ಮಗ ಆಗಿಯಾಗಿತ್ತು."

ಮುಗೋಯ ಹೊರಗೆ ಹೋಗಿ ಹಲಸಿನ ಮರದ ಬುಡದಲ್ಲಿ ತಿಂದದ್ದನ್ನೆಲ್ಲ ಕಕ್ಕಿದ. ನಯಿಗಗ ಅವನ ತಟ್ಟೆಯನ್ನು ಕೋಳಿಗಳ ಕಡೆ ಕೊಡವಿ, ಯಾವ ಅಪ್ಪ ಆದರೂ ಇದನ್ನೇ ಮಾಡುತ್ತಿದ್ದ, ನಾನಾಗಿದ್ದರೂ ಇದನ್ನೇ ಮಾಡುತ್ತಿದ್ದೆ ಅಂತ ಮಗಳಿಗೆ ಹೇಳಿದಳು. ಹಾಗಾದರೆ ನೀನೂ ಅವರೂ ಒಂದೇ ಅಂದಳು ಮಗಳು.

ಮಾರನೆಯ ಬೆಳಗ್ಗೆಯಿಂದ ಕಾವುಧ ಅಪ್ಪನಿಗೆ ಮಂಡಿಯೂರುವುದನ್ನು ಬಿಟ್ಟಳು. ಬುಸೋಗದ ಹೆಣ್ಣುಮಕ್ಕಳು ಹಿರಿಯರಿಗೆ ಬೆಳಗಿನ ಕ್ಷೇಮ ಕೇಳುವುದು ಮಂಡಿಯೂರಿಯೇ. ಇವಳು ನೆಟ್ಟಗೆ ನಿಂತು, ಚಹಾದ ಲೋಟವನ್ನು ನೆಲದ ಮೇಲಿಟ್ಟು, ಬೇಕಾದರೆ ಬಗ್ಗಿ ತೆಗೆದುಕೊಳ್ಳಲಿ ಅನ್ನುವಂತೆ ಹೊರಟುಹೋದಳು. ಅಂಗಳದಲ್ಲಿ ಮೊಹರಿಗಾಗಿ ಬಂದ ಇಬ್ಬರು ಕುಳಿತಿದ್ದರು, ಅವರೂ ನೋಡಿದರು. ನಯಿಗಗ ಮಗಳ ಹಿಂದೆಯೇ ಹೋಗಿ ಅಡುಗೆ ಗುಡಿಸಲಿನಲ್ಲಿ ಕೆನ್ನೆಗೆ ಬಾರಿಸಿದಳು. ಮೂವತ್ತು ದಾಟಿದ ಮಗಳು ಕೆನ್ನೆ ಒರೆಸಿಕೊಂಡು, ಇನ್ನೊಂದು ಹೊಡಿ, ಆಗಲೂ ಬಗ್ಗಲ್ಲ ಅಂದಳು.

ಬಟ್ಟೆ ಒಗೆಯುವಾಗ ಎಲ್ಲರದನ್ನೂ ಒಗೆದು, ಅಪ್ಪನ ಲಾಟೀನು ಗುರುತಿನ ಅಂಗಿಯನ್ನು ಮಾತ್ರ ಬಕೆಟ್ಟಿನ ಪಕ್ಕದ ಕೆಸರಲ್ಲಿ ಬಿಟ್ಟು ಬರುತ್ತಿದ್ದಳು. ನಯಿಗಗ ಅದನ್ನು ಮತ್ತೆ ಒಗೆದು, ಎಲ್ಲರಿಗೂ ಕಾಣುವಂತೆ ರಸ್ತೆ ಬದಿಯ ಬೇಲಿಗೆ ಹರವುತ್ತಿದ್ದಳು.

ಮುಗೋಯನ ಪಾಡು ಬೇರೆ. ಬೊಡಾ ಸ್ಟಾಂಡಿನಲ್ಲಿ ಅವನ ಜೊತೆಗಾರರು ಅವನು ಬಂದರೆ ಮಾತು ನಿಲ್ಲಿಸುತ್ತಿದ್ದರು. ನಾಲ್ವರೂ ಒಟ್ಟಿಗೆ ಗೋಡೆಗೆ ಚೀಟಿ ಹಚ್ಚಿದವರು, ಮೂವರನ್ನು ಒಯ್ದು ಇವನನ್ನು ಬಿಟ್ಟರಲ್ಲ, ಅದಕ್ಕೆ ಬೇರೆ ಅರ್ಥ ಏನಿದೆ? ಒಂದು ದಿನ ಅವನ ಬೈಕಿನ ಸೀಟನ್ನು ಉದ್ದಕ್ಕೆ ಸೀಳಿದ್ದರು. ಇನ್ನೊಂದು ದಿನ ಸ್ಟಾಂಡಿಗೇ ಬರಬೇಡ ಅಂದರು. ಅವನು ಮನೆಗೆ ಬಂದು ಅಪ್ಪನ ಎದುರು ನಿಂತ. ನಮುಕೋಸೆಯ ಮನೆಗೆ ಹೋಗಿ ತಪ್ಪಾಯಿತು ಅನ್ನಿ, ಉಳಿದಿಬ್ಬರ ಮನೆಗೂ ಹೋಗಿ, ನಾನೂ ಜೊತೆಗೆ ಬರುತ್ತೇನೆ ಅಂದ.

ವಾಂಬುಜಿ ನಕ್ಕರು. "ನಿನ್ನ ಉಳಿಸಿದ್ದಕ್ಕೆ ಕ್ಷಮೆ ಕೇಳಬೇಕಾ? ಅದನ್ನು ನೀನೇ ಹೇಳ್ತಿದೀಯ?"

"ಉಳಿಸಿ ಅಂತ ನಾನು ಕೇಳಿದ್ನಾ?"

"ಹುಟ್ಟಿಸು ಅಂತಾನೂ ಕೇಳಿರಲಿಲ್ಲ."

ಮುಗೋಯ ಅವತ್ತಿನಿಂದ ಅಪ್ಪನನ್ನು ಬೈಕಿನಲ್ಲಿ ಕೂರಿಸಲಿಲ್ಲ. ಪೇಟೆಯಲ್ಲಿ ಪಕ್ಷದ ಸಭೆ ಅಂದರೆ ವಾಂಬುಜಿ ಕೋಟು ತೊಟ್ಟು ಬಿಸಿಲಲ್ಲಿ ನಡೆದು ಹೋಗಬೇಕಾಯಿತು. ಮಗ ಖಾಲಿ ಬೈಕಿನಲ್ಲಿ ಪಕ್ಕದಿಂದಲೇ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ. ಅಪ್ಪನೂ ಸುಮ್ಮನಿರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸಕ್ಕೆ ಜನ ಬೇಕಂತೆ ಅಂತ ಮುಗೋಯ ಅರ್ಜಿ ಹಾಕಿದ, ಅದಕ್ಕೆ ಚೇರ್ಮನ್ನರ ಮೊಹರು ಬೇಕಿತ್ತು. ವಾಂಬುಜಿ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಕೊನೆಯ ತನಕ ಓದಿ, ಮಡಚಿ, ಮಗನ ಕೈಗೇ ವಾಪಸು ಕೊಟ್ಟರು. ಹೋಗಿ ನಿನ್ನ ಗಂಟೆ ಬಾರಿಸು, ಅದರಿಂದ ಮೊಹರು ಉದುರುತ್ತೇನೋ ನೋಡು ಅಂದರು. ಆ ಕೆಲಸ ಬೇರೆ ಊರಿನ ಹುಡುಗನಿಗೆ ಹೋಯಿತು.

ನಯಿಗಗ ಸಾರನ್ನು ಎರಡು ಪಾತ್ರೆಯಲ್ಲಿ ಮಾಡತೊಡಗಿದಳು. ಗಂಡನದರಲ್ಲಿ ಮಾಂಸ, ಮಕ್ಕಳದರಲ್ಲಿ ಸೊಪ್ಪು. ಕಾವುಧ ಒಂದು ದಿನ ಪಾತ್ರೆ ಅದಲುಬದಲು ಮಾಡಿದಳು. ವಾಂಬುಜಿ ಸೊಪ್ಪನ್ನೇ ಉಂಡು, ರುಚಿಯಾಗಿದೆ ಅಂದರು.

ಆ ಹೊತ್ತಿಗೆ ಊರ ಚೇರ್ಮನ್ ಚುನಾವಣೆ ಬಂತು. ನಮ್ಮಲ್ಲಿ ಇದಕ್ಕೆ ಪೆಟ್ಟಿಗೆ, ಪರದೆ ಏನೂ ಇಲ್ಲ. ಶಾಲೆಯ ಬಯಲಲ್ಲಿ ಅಭ್ಯರ್ಥಿಗಳು ನಿಲ್ಲುತ್ತಾರೆ, ಅವರವರಿಗೆ ಬೇಕಾದವರು ಅವರ ಬೆನ್ನ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಯಾರು ಯಾರ ಹಿಂದೆ ನಿಂತರು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಹಾಗಾಗಿಯೇ ವಾಂಬುಜಿಯ ಎದುರು ಯಾರೂ ನಿಲ್ಲುತ್ತಿರಲಿಲ್ಲ. ನಿಂತರೆ ಬಾಲಿಕೋವ ಅನ್ನುವ ಕುಡುಕನೊಬ್ಬ ತಮಾಷೆಗೆ ನಿಲ್ಲುತ್ತಿದ್ದ. ಅವನ ಹಿಂದೆ ಅವನಷ್ಟೇ ಕುಡಿದ ನಾಲ್ಕೈದು ಜನ. ಈ ಸಲವೂ ಹಾಗೇ ಅಂತ ವಾಂಬುಜಿ ಆಡು ಕೊಯ್ಯಿಸಲು ಹೇಳಿಟ್ಟರು.

ಕಾವುಧಳ ಸಲೂನಿಗೆ ಆ ವಾರ ಹೆಂಗಸರು ಬಹಳ ಬಂದರು. ಹಬ್ಬವಿಲ್ಲ, ಮದುವೆಯಿಲ್ಲ, ಎಲ್ಲರಿಗೂ ಜಡೆ ಬೇಕಾಗಿತ್ತು. ಅಲ್ಲಿ ಏನು ಮಾತಾಯಿತೋ ಗಂಡಸರಾರಿಗೂ ಗೊತ್ತಾಗಲಿಲ್ಲ. ಜಡೆ ಹೆಣೆಯಲು ಅರ್ಧ ದಿನ ಬೇಕು, ಅಷ್ಟು ಹೊತ್ತಿನಲ್ಲಿ ಎಂಥ ಮಾತನ್ನೂ ಕಿವಿಗೆ ಹಾಕಬಹುದು. ನಮುಕೋಸೆ ಮೊದಲು ಒಪ್ಪಲಿಲ್ಲವಂತೆ. ನನಗೆ ಓದು ಬಾರದು, ನನ್ನ ಮೈಯೆಲ್ಲ ಮೀನಿನ ವಾಸನೆ ಅಂದಳಂತೆ. ನೀನು ಏನೂ ಮಾತಾಡಬೇಕಾಗಿಲ್ಲ, ಬರೀ ನಿಂತರೆ ಸಾಕು, ಅಪ್ಪ ನಿನ್ನ ಮುಖ ನೋಡಿಕೊಂಡು ಆ ಬಯಲಲ್ಲಿ ನಿಲ್ಲಬೇಕು ಅಂತ ಕಾವುಧ ಹೇಳಿದಳಂತೆ. ಆಮೇಲೆ ಮುದುಕಿ ಆಯಿತು ಅಂದಳಂತೆ.

ಬಯಲಲ್ಲಿ ಅಧಿಕಾರಿ ಹೆಸರು ಕೇಳಿದಾಗ ವಾಂಬುಜಿಯ ಹೆಸರನ್ನು ಅಂಗಡಿಯವನು ಎತ್ತಿದ. ಬೇರೆ ಯಾರಾದರೂ ಇದ್ದಾರಾ ಅಂದಾಗ ಬಾಲಿಕೋವ ಎದ್ದೇಳಲು ನೋಡಿದ, ಅವನ ಹೆಂಡತಿ ಅಂಗಿ ಹಿಡಿದು ಕೂರಿಸಿದಳು. ಆಗ ಕಾವುಧ ಮುಂದೆ ಬಂದು ನಮುಕೋಸೆಯ ಹೆಸರು ಹೇಳಿದಳು. ಅನುಮೋದನೆಗೆ ಮುಗೋಯ ಕೈ ಎತ್ತಿದ.

ನಮುಕೋಸೆ ಹಳೆಯ ಗೊಮೆಸಿಯ ಉದ್ದ ನಿಲುವಂಗಿ ತೊಟ್ಟು, ಸೊಂಟದ ಪಟ್ಟಿ ಬಿಗಿದುಕೊಂಡು ಬಂದು, ವಾಂಬುಜಿಯ ಪಕ್ಕದಲ್ಲಿ ಸ್ವಲ್ಪ ದೂರ ಬಿಟ್ಟು ನಿಂತಳು. ಅವರ ಕಡೆ ನೋಡಲಿಲ್ಲ. ವಾಂಬುಜಿ ಮಾತ್ರ ಮಗಳನ್ನೇ ನೋಡುತ್ತಿದ್ದರು.

ನಯಿಗಗ ಗಂಡನ ಬೆನ್ನ ಹಿಂದೆ ಮೊದಲಿಗಳಾಗಿ ನಿಂತಳು, ಪ್ರತಿ ಸಲ ನಿಂತ ಹಾಗೆ. ಅಂಗಡಿಯವನು, ಅವನ ಅಣ್ಣತಮ್ಮಂದಿರು, ಲಾಟೀನಿನ ಹಿರಿಯರು ಒಬ್ಬೊಬ್ಬರಾಗಿ ಸೇರಿದರು. ಆ ಸಾಲು ಬೇಗ ಬೆಳೆಯಿತು. ಈ ಕಡೆ ಕಾವುಧ, ಮುಗೋಯ ಇಬ್ಬರೇ. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕುಂಟುವ ಹುಡುಗರಲ್ಲಿ ಒಬ್ಬನ ತಾಯಿ ಎದ್ದು ಬಂದಳು. ಇನ್ನೊಬ್ಬನ ತಾಯಿಯೂ ಬಂದಳು. ಹೊಸ ಜಡೆಯ ಹೆಂಗಸರು ಒಟ್ಟಾಗಿ ಎದ್ದರು. ಅವರ ಗಂಡಂದಿರು ಕೆಲವರು ಬೈದರು, ಕೆಲವರು ನೆಲ ನೋಡುತ್ತಾ ಹಿಂದೆಯೇ ಬಂದರು. ಬೊಡಾ ಹುಡುಗರು ಬೈಕು ನಿಲ್ಲಿಸಿ ಬಂದರು. ಕೊನೆಗೆ ಲಾಟೀನಿನ ಸಾಲಿನಿಂದಲೇ ಒಬ್ಬ ಮುದುಕ ಕೋಲೂರಿಕೊಂಡು ಈಚೆ ದಾಟಿದ. ಅವನನ್ನು ನೋಡಿ ಇನ್ನೂ ಕೆಲವರು ದಾಟಿದರು. ಎಣಿಸುವ ಅಗತ್ಯವೇ ಬರಲಿಲ್ಲ. ಅಧಿಕಾರಿ ನಿಯಮಕ್ಕೆಂದು ಎಣಿಸಿದ.

ವಾಂಬುಜಿ ಕೋಟಿನೊಳಗೆ ಕೈ ಹಾಕಿ ಮೊಹರನ್ನು ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಮಗಳ ಎದುರು ಬಂದು ನಿಂತರು. ಹೊಡೆಯುತ್ತಾರೆ ಅಂತ ಎಲ್ಲರೂ ಅಂದುಕೊಂಡೆವು.

"ನಾನು ನಿನ್ನ ಅಣ್ಣನ್ನ ಉಳಿಸೋಕೆ ಮಾಡಿದೆ," ಅಂದರು. "ನೀನು ಯಾರನ್ನ ಉಳಿಸೋಕೆ ಮಾಡಿದೆ?"

ಕಾವುಧಳ ಮುಖದಲ್ಲಿ ಅವತ್ತು ಇದ್ದ ತೃಪ್ತಿಯನ್ನು ನಾನು ಕಣ್ಣಾರೆ ಕಂಡೆ, ಸುಳ್ಳು ಹೇಳುವುದಿಲ್ಲ. ಸಂಜೆ ಅವಳು ಕಿಸಂಬಿರನ ಮನೆಯ ಮುಂದೆ ಎರಡು ಸಲ ಹಾದುಹೋದಳು. ಅವನು ಹೊರಗೆ ಬರಲಿಲ್ಲ.

ಕೊಯ್ದ ಆಡಿನ ಮಾಂಸ ಮನೆಯಲ್ಲಿ ಹಾಗೇ ಬಿದ್ದಿತ್ತು. ನಯಿಗಗ ಅದನ್ನು ಉಪ್ಪು ಹಾಕಿ ಒಣಗಿಸಿದಳು. ಗಂಡ ಜಗಲಿಯಲ್ಲಿ ಕೂತರೆ ಯಾರೂ ಬಂದು ಕ್ಷೇಮ ಕೇಳುತ್ತಿರಲಿಲ್ಲ. ಅವರು ರೇಡಿಯೋ ಹಚ್ಚಿಕೊಂಡು ತಾವೇ ಅದರ ಜೊತೆ ವಾದ ಮಾಡುತ್ತಿದ್ದರು. ನಯಿಗಗ ಮಗಳಿಗೆ ಬೇರೆ ಒಲೆ ಹೂಡಿಕೊ ಅಂದಳು. ಹೂಡಿಕೊಟ್ಟದ್ದೂ ಅವಳೇ, ಮೂರು ಕಲ್ಲು ಎತ್ತಿ ತಂದು ಅಂಗಳದ ಆ ಮೂಲೆಗೆ ಎಸೆದಳು.

ಮಳೆ ಶುರುವಾಗುವ ಮುಂಚೆ ಪೇಟೆಯ ದೊಡ್ಡ ಮನುಷ್ಯನೊಬ್ಬನ ಕಬ್ಬಿನ ಗದ್ದೆಗೆ ಬೆಂಕಿ ಬಿತ್ತು. ಲಾಟೀನು ಪಕ್ಷದ ಮುಖಂಡ ಅವನು. ಪೊಲೀಸರು ಹೊಸ ಚೇರ್ಮನ್ನಮ್ಮನ ಮನೆಗೆ ಬಂದು ನಿಮ್ಮ ಊರಿನವರು ಯಾರಾದರೂ ಇರಬಹುದಾ ಅಂತ ಕೇಳಿದರು. ನಮುಕೋಸೆ ಮೀನು ಹರವುತ್ತಿದ್ದವಳು ಎದ್ದು, ವಾಂಬುಜಿಯ ಮಗ ಮುಗೋಯ ಅಂದಳು. ಒಂದೇ ಹೆಸರು. ಅವರು ಅವನನ್ನು ದಾರಿಯಲ್ಲೇ ಬೈಕು ತಡೆದು ಹಿಡಿದರು.

ಬೆಂಕಿ ಬಿದ್ದ ದಿನ ಮುಗೋಯ ಪಕ್ಕದ ಊರಲ್ಲಿ ಒಂದು ಸಾವಿನ ಮನೆಗೆ ಕರೆಂಟು ಎಳೆದುಕೊಡುತ್ತಿದ್ದ. ಅದು ಅರ್ಧ ಊರಿಗೆ ಗೊತ್ತಿತ್ತು. ಕಾವುಧ ಓಡಿಹೋಗಿ ನಮುಕೋಸೆಯನ್ನು ಹಿಡಿದಳು. ಅವಳ ಜೊತೆ ನಾವೂ ಕೆಲವರು ಹೋದೆವು. ಮುದುಕಿ ಯಾವುದನ್ನೂ ಮುಚ್ಚಿಡಲಿಲ್ಲ.

"ಅವನು ನಿಮ್ಮ ಹಿಂದೆ ನಿಂತಿದ್ದ," ಅಂದಳು ಕಾವುಧ. "ಎಲ್ಲರಿಗಿಂತ ಮೊದಲು ನಿಂತಿದ್ದ."

"ನಿಂತಿದ್ದ ಕಣಮ್ಮ. ನೋಡಿದೆ."

"ಮತ್ತೆ ಯಾಕೆ?"

ನಮುಕೋಸೆ ಕೈಗಂಟಿದ ಮೀನಿನ ಪೊರೆಯನ್ನು ಒರೆಸಿಕೊಂಡಳು. "ನಿನಗೆ ನಿಮ್ಮಪ್ಪನ ತಲೆ ತಗ್ಗಬೇಕಾಗಿತ್ತು, ಆ ಬಯಲಲ್ಲಿ ತಗ್ಗಿತು. ನಿಂದು ಅಲ್ಲಿಗೆ ಮುಗೀತು. ನನಗೆ ಬೇಕಾಗಿದ್ದು ಅದಲ್ಲ. ಮಗ ವ್ಯಾನು ಹತ್ತಿದ ಮೇಲೆ ಬಾಗಿಲಲ್ಲಿ ಕೂತು ಕಾಯೋದು ಹೇಗಿರುತ್ತೆ ಅಂತ ಅವರಿಗೆ ಗೊತ್ತಾಗಬೇಕಾಗಿತ್ತು."

"ಅಣ್ಣ ಏನು ಮಾಡಿದ್ದ?"

"ನನ್ನ ಮಗ ಏನು ಮಾಡಿದ್ದ?"

ಕಾವುಧ ಮನೆಗೆ ಬಂದಾಗ ವಾಂಬುಜಿ ಆಗಲೇ ಕೋಟು ತೊಟ್ಟು ಠಾಣೆಗೆ ನಡೆದುಹೋಗಿದ್ದರು. ಅವಳು ಗೆಣಸು ಬೇಯಿಸಿ, ಬಾಳೆಲೆಯಲ್ಲಿ ಸುತ್ತಿಕೊಂಡು ಹಿಂದೆ ಹೋದಳು. ಠಾಣೆಯ ಮುಂದಿನ ಬೆಂಚಿನಲ್ಲಿ ಅಪ್ಪ ಒಂದು ತುದಿಗೆ, ಮಗಳು ಒಂದು ತುದಿಗೆ. ಹಾಗೇ ದಿನಗಳು ಹೋದವು. ಹಿಂದೆ ಚೇರ್ಮನ್ ಬಂದರು ಅಂತ ಕುರ್ಚಿ ಎಳೆದು ಕೊಡುತ್ತಿದ್ದ ಇನ್ಸ್‌ಪೆಕ್ಟರು ಈಗ ಅವರನ್ನು ಗುರುತಿಸಲೂ ಇಲ್ಲ. ವಾಂಬುಜಿ ಪಕ್ಷದ ಮುಖಂಡರಿಗೆ ಹೇಳಿಕಳಿಸಿದರು, ಸುಟ್ಟ ಗದ್ದೆ ಅವರದೇ ಆದ್ದರಿಂದ ಅಲ್ಲಿಂದ ಉತ್ತರ ಬರಲಿಲ್ಲ. ಸಾವಿನ ಮನೆಯವರು ಬಂದು ಸಾಕ್ಷಿ ಹೇಳಿದ ಮೇಲೆ ಇನ್ಸ್‌ಪೆಕ್ಟರು ಒಂದು ದಾರಿ ತೋರಿಸಿದ. ಊರ ಚೇರ್ಮನ್ ತಾನೇ ಬಂದು, ಹುಡುಗನಿಗೆ ಜಾಮೀನು ನಿಂತು, ಮೊಹರು ಒತ್ತಿದರೆ ಬಿಡುತ್ತೇನೆ ಅಂದ.

ವಾಂಬುಜಿ ಅವತ್ತು ಮನೆಗೆ ಬಂದು ಉಣ್ಣಲಿಲ್ಲ. ಮಾರನೆಯ ಬೆಳಗ್ಗೆ ಅವರು ನಮುಕೋಸೆಯ ಅಂಗಳಕ್ಕೆ ಹೋದರು. ಹೆಂಡತಿ ಜೊತೆಗೆ ಹೋದಳು. ಮಗಳು ಕರೆಯದೆಯೇ ಹೋದಳು. ಅದು ಸಂತೆಯ ದಿನ, ರಸ್ತೆ ತುಂಬ ಜನ. ನಮುಕೋಸೆ ಅವರಿಗೆ ಮಣೆ ಹಾಕಿ ಕೂರಿಸಿ, ಮಗನನ್ನು ಒಳಗಿನಿಂದ ಕರೆದು ಎದುರಿಗೆ ಕೂರಿಸಿದಳು.

ಠಾಣೆಗೆ ಬಂದು ಮೊಹರು ಒತ್ತುತ್ತೇನೆ, ಮೊದಲು ಇವನಿಗೆ ಹೇಳಬೇಕಾದ್ದನ್ನು ಹೇಳಿ ಅಂದಳು.

ವಾಂಬುಜಿ ನೆಲ ನೋಡುತ್ತಾ ಏನೋ ಅಂದರು. ಕಿಸಂಬಿರ ಸುಮ್ಮನೆ ಕೂತಿದ್ದ.

"ಆ ಕಡೆ ಕಿವಿ ಹೋಗಿದೆ," ಅಂದಳು ನಮುಕೋಸೆ. "ಜೋರಾಗಿ ಹೇಳಿ."

ಅವರು ಮತ್ತೆ ಹೇಳಿದರು.

"ಇನ್ನೂ ಜೋರಾಗಿ."

ಬೇಲಿಯ ಹೊರಗೆ ಸಂತೆಗೆ ಹೋಗುವವರು ನಿಂತಿದ್ದರು. ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿದ್ದರು. ವಾಂಬುಜಿ ಎದ್ದು ನಿಂತು, ಸಭೆಯಲ್ಲಿ ಮಾತಾಡುವ ತಮ್ಮ ದೊಡ್ಡ ದನಿಯಲ್ಲೇ ಹೇಳಿದರು. ನಿನ್ನ ಹೆಸರನ್ನು ನಾನೇ ಕೊಟ್ಟೆ. ನನ್ನ ಮಗನನ್ನು ಉಳಿಸಿಕೊಳ್ಳಲು ಕೊಟ್ಟೆ. ತಪ್ಪು ಮಾಡಿದೆ. ಅವರ ಕತ್ತಿನ ನರ ಎದ್ದು ಕಾಣುತ್ತಿತ್ತು. ನಯಿಗಗ ಸೊಂಟದ ಪಟ್ಟಿಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಕೇಳಿಸ್ತು," ಅಂದ ಕಿಸಂಬಿರ. ಎದ್ದು ಒಳಗೆ ಹೋದ. ಕಾವುಧಳ ಪಕ್ಕದಲ್ಲೇ ಹೋದರೂ ಅವಳ ಕಡೆ ನೋಡಲಿಲ್ಲ.

ಠಾಣೆಗೆ ಹೋಗುವ ದಾರಿಯಲ್ಲಿ ವಾಂಬುಜಿ ಮಗಳನ್ನು ಕೇಳಿದರು, ಹೊಟ್ಟೆ ತಣ್ಣಗಾಯಿತಾ ಅಂತ. ಆಗಿಲ್ಲ ಅಂದಳು. ಅವರು ಹೌದಾ ಅಂದು ಮುಂದೆ ನಡೆದರು.

ನಮುಕೋಸೆ ಬಂದು ಮೊಹರು ಒತ್ತಿದ ಮೇಲೆ ಮುಗೋಯನನ್ನು ಬಿಟ್ಟರು. ಅವನಿಗೆ ಹೆಚ್ಚೇನೂ ಏಟು ಬಿದ್ದಿರಲಿಲ್ಲ. ಬೆನ್ನಿನ ಮೇಲೆ ಬಾಸುಂಡೆ, ತುಟಿ ಒಡೆದಿತ್ತು, ಅಷ್ಟೆ. ನಯಿಗಗ ಮನೆಯಲ್ಲಿ ಕೋಳಿ ಕೊಯ್ದಿದ್ದಳು. ಅವನು ಸ್ನಾನ ಮಾಡಿ ಬಂದು, ಚಾಪೆಯ ಮೇಲೆ ಕೂರದೆ, ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದ. ದೊಡ್ಡ ಕೆರೆಯ ದಂಡೆಯ ಮೀನುಗಾರರ ಊರಿಗೆ ಹೋಗುತ್ತೇನೆ, ಅಲ್ಲಿ ದೋಣಿ ಎಂಜಿನ್ನು ರಿಪೇರಿ ಮಾಡುವವನೊಬ್ಬನ ಗುರುತಿದೆ ಅಂದ.

ವಾಂಬುಜಿಗೆ ಸಿಟ್ಟು ಬಂತು. ಅವರ ಗಂಟಲು ಇನ್ನೂ ಬೆಳಗಿನ ಕೂಗಿಗೆ ಒಡೆದಿತ್ತು. "ನಿನ್ನ ಹೊರಗೆ ತರೋಕೆ ನಾನು ಏನು ಮಾಡಿದೆ ಗೊತ್ತಾ ನಿನಗೆ?"

"ಗೊತ್ತು. ದಾರೀಲಿ ನಾಲ್ಕು ಜನ ಹೇಳಿದ್ರು," ಅಂದ ಮುಗೋಯ. ತಂಗಿಯ ಕಡೆ ತಿರುಗಿದ. "ಇವಳು ಏನು ಮಾಡಿದಳು ಅನ್ನೋದೂ ಗೊತ್ತು. ಆ ಬಯಲಲ್ಲಿ ನಾನು ಕೈ ಎತ್ತಿದ್ದೂ ಗೊತ್ತು. ನೀವು ಹೊಡೆದಾಡಿಕೊಳ್ಳಿ. ನನ್ನ ಮಧ್ಯೆ ಇಟ್ಟುಕೋಬೇಡಿ."

ಬೈಕಿನ ಹರಿದ ಸೀಟಿನ ಮೇಲೆ ಗೋಣಿ ಹಾಕಿ ಕಟ್ಟಿಕೊಂಡು ಹೊರಟ. ತಾಯಿ ಬೇಲಿಯ ತನಕ ಹೋಗಿ, ಕೋಳಿಯ ಒಂದು ತೊಡೆಯನ್ನು ಎಲೆಯಲ್ಲಿ ಸುತ್ತಿ ಅವನ ಜೇಬಿಗೆ ತುರುಕಿದಳು.

ಆ ಮೇಲಿನ ವಾರಗಳಲ್ಲಿ ಮಳೆ ಹಿಡಿಯಿತು. ಅಂಗಳದ ಮೂಲೆಯ ಒಲೆ ನೆನೆದು ಉರಿಯದಾಗಿ, ಕಾವುಧ ಮತ್ತೆ ಮನೆಯ ಚಾಪೆಗೇ ಬಂದು ಕೂತಳು. ಬಾ ಅಂತ ಯಾರೂ ಕರೆಯಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸಲೂನಿಗೆ ಜನ ಕಮ್ಮಿಯಾಗಿದ್ದರು. ಕಿಸಂಬಿರನಿಗೆ ಬೇರೆ ಊರಿನ ಹುಡುಗಿಯನ್ನು ನೋಡುತ್ತಿದ್ದಾರೆ ಅಂತ ಸಂತೆಯಲ್ಲಿ ಮಾತಿತ್ತು.

ಒಂದು ಸಂಜೆ ಮೂವರೇ ಉಣ್ಣುತ್ತಿದ್ದರು. ಬೇಯಿಸಿದ ಗೆಣಸು, ಹೊಗೆ ಹಾಕಿದ ಮೀನಿನ ಸಾರು. ರೇಡಿಯೋ ಬ್ಯಾಟರಿ ಮುಗಿದಿತ್ತು. ವಾಂಬುಜಿ ಗೆಣಸಿನ ಸಿಪ್ಪೆ ಬಿಡಿಸುತ್ತಾ, ಆ ಮೀನಿನವಳಿಗೆ ಒಂದು ಕಾಗದ ಓದಲು ಬರುವುದಿಲ್ಲ, ಮೊಹರನ್ನು ತಲೆಕೆಳಗಾಗಿ ಒತ್ತುತ್ತಾಳೆ, ಜನ ಈಗಲೇ ಬೇಸತ್ತಿದ್ದಾರೆ, ಮುಂದಿನ ಸಲ ತಾನು ಮತ್ತೆ ನಿಲ್ಲುತ್ತೇನೆ ಅಂದರು.

"ನಿಲ್ಲಿ," ಅಂದಳು ಕಾವುಧ. "ಎದುರಿಗೆ ನಾನೇ ನಿಲ್ತೀನಿ."

"ನಿನ್ನ ಹಿಂದೆ ಯಾರು ಬರ್ತಾರೆ?"

"ನಿಮ್ಮ ಹಿಂದೆ ಯಾರು ಉಳಿದಿದ್ರು?"

"ಜಡೆಯವರೆಲ್ಲ ಬಂದು ನಿಂತಿದ್ದು ನಮುಕೋಸೆ ಮುಖ ನೋಡಿ ಕಣೇ, ನಿನ್ನ ಮುಖ ನೋಡಿ ಅಲ್ಲ."

"ನೋಡೋಣ."

"ನೋಡೋಣ."

ನಯಿಗಗ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ನಾನು ಯಾರ ಹಿಂದೆ ನಿಲ್ತೀನಿ ಅಂತ ಒಬ್ಬರಾದ್ರೂ ಕೇಳಿದೀರಾ?"

ಇಬ್ಬರೂ ತಲೆ ಎತ್ತಿದರು. ಮಗಳು ಇನ್ಯಾರ ಹಿಂದೆ ಅನ್ನುವಂತೆ ಅಪ್ಪನ ಕಡೆ ಗದ್ದ ಅಲುಗಿಸಿದಳು.

ನಯಿಗಗ ಸಾರಿನ ಪಾತ್ರೆಯನ್ನು ಎತ್ತಿಕೊಂಡು, ಮಳೆಯಲ್ಲೇ ಅಂಗಳ ದಾಟಿ, ಅಡುಗೆ ಗುಡಿಸಲಿಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ತಂದೆ ಮಗಳು ಬರೀ ಗೆಣಸು ತಿಂದು ಎದ್ದರು.